ಎರಡು ಗುಂಡಿಗಳ ವ್ಯಾಜ್ಯ

ಗಂಡ ಹೆಂಡಿರ ಜಗಳಕ್ಕೆ ಸೈಟು, ಒಡವೆ, ನಾದಿನಿಯ ಮದುವೆ ಮುಂತಾದ ಘನವಾದ ಕಾರಣಗಳಿರುತ್ತವೆ ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ನಡೆದ ಯುದ್ಧ ಕಂಪ್ಯೂಟರಿನ ಕೀಬೋರ್ಡಿನ ಮೇಲಿರುವ ಎರಡು ಗುಂಡಿಗಳಿಗಾಗಿ. ಒಂದರ ಹೆಸರು ಆಲ್ಟ್, ಇನ್ನೊಂದು ಸ್ಪೇಸ್. ಎರಡನ್ನೂ ಒಟ್ಟಿಗೆ ಒತ್ತಿದರೆ ಏನಾಗಬೇಕು ಎಂಬುದೇ ವ್ಯಾಜ್ಯ. ನ್ಯಾಯ ನನ್ನ ಕಡೆಗಿತ್ತೆಂದು ಈಗಲೂ ನಂಬಿದ್ದೇನೆ. ಮನೆಯಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ, ಅಷ್ಟೆ.

ನಾನು ರಘುರಾಮ. ಅಹಮದಾಬಾದಿನ ನವರಂಗಪುರದಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತು ಕಂಡವರಿಗೆಲ್ಲ ಪ್ರೋಗ್ರಾಂ ಬರೆದುಕೊಡುವವನು. ನಮ್ಮಲ್ಲಿ ಎರಡು ಕಂಪ್ಯೂಟರ್ ಇದ್ದವು. ಮಗಳು ಆಶ್ರಿತಾ ಓದಲು ವಡೋದರಾಕ್ಕೆ ಹೋಗುವಾಗ ಲ್ಯಾಪ್‌ಟಾಪನ್ನು ಫತೇಗಂಜಿನ ಹಾಸ್ಟೆಲಿಗೆ ಎತ್ತಿಕೊಂಡು ಹೋದಳು. ಉಳಿದದ್ದು ಮೇಜಿನ ಮೇಲಿನ ದೊಡ್ಡದೊಂದೇ. ಅದಕ್ಕೆ ಹಕ್ಕುದಾರರು ಇಬ್ಬರು, ನಾನು ಮತ್ತು ನನ್ನ ಹೆಂಡತಿ ತುಂಗಾ. ಮಧ್ಯಾಹ್ನ ಎರಡರವರೆಗೆ ನಾನು, ಎರಡರಿಂದ ಐದು ಅವಳು, ಆಮೇಲೆ ಮತ್ತೆ ನಾನು. ಒಂದೇ ಯಂತ್ರದಲ್ಲಿ ಅವಳಿಗೆ ಬೇರೆ ಖಾತೆ ತೆರೆದುಕೊಡುತ್ತೇನೆ, ಅವಳ ಪಾಡಿಗೆ ಅವಳಿರಬಹುದು ಎಂದು ಸೂಚಿಸಿದ್ದೆ. "ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ಈಗ ಬೇರೆ ಮನೆ ಮಾಡಿಕೊಡ್ತೀರಾ?" ಅಂದಳು. ಆ ಪ್ರಸ್ತಾಪ ಅಲ್ಲಿಗೇ ಮುಗಿಯಿತು.

ನಮ್ಮ ಕಸುಬಿನ ಒಂದು ಗುಟ್ಟನ್ನು ಇಲ್ಲಿ ಬಿಟ್ಟುಕೊಡಬೇಕು. ಪ್ರೋಗ್ರಾಂ ಬರೆಯುವವರಿಗೆ ಏನೂ ನೆನಪಿರುವುದಿಲ್ಲ. ಯಾವ ಆಜ್ಞೆಯನ್ನು ಹೇಗೆ ಬರೆಯಬೇಕೆಂದು ವಿವರಿಸುವ ಸಾವಿರಾರು ಪುಟಗಳ ಕೈಪಿಡಿಗಳು ಇಂಟರ್ನೆಟ್ಟಿನಲ್ಲಿವೆ. ದಿನಕ್ಕೆ ನೂರು ಸಲ ಅವನ್ನು ತೆರೆದು ನೋಡಿ, ಮುಚ್ಚಿ, ಮರೆಯುವುದಕ್ಕೇ ನಮಗೆ ಸಂಬಳ. ಇದರಲ್ಲಿ ಅಪಾಯವೇನೆಂದರೆ ದಾರಿ ತಪ್ಪುವುದು. ತಾರೀಖನ್ನು ಬರೆಯುವ ಬಗೆ ಹುಡುಕಲು ಹೋದವನು ಮುಕ್ಕಾಲು ಗಂಟೆಯ ನಂತರ ರಾಜಕೋಟ್‌ನ ಯಾರೋ ಫಾಫ್ಡಾ ಕರಿಯುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿರುತ್ತಾನೆ. ತುಂಗಾ ಚಹಾ ತಂದಿಟ್ಟು, "ತಾರೀಖು ಸಿಕ್ತಾ?" ಎಂದು ಕೇಳಿ ಒಳಗೆ ಹೋಗುತ್ತಾಳೆ.

ಈ ಅವಸ್ಥೆಯಿಂದ ನನ್ನನ್ನು ಉದ್ಧಾರ ಮಾಡಿದವನು ಸೂರತ್‌ನ ಅಡಾಜಣ್‌ನಲ್ಲಿರುವ ಗೆಳೆಯ ಸ್ಕಂದ. ಅವನು ಫೋನಿನಲ್ಲಿ ಹೇಳಿದ್ದು ಇಷ್ಟು. ಲಾಂಚರ್ ಎಂಬ ಒಂದು ತಂತ್ರಾಂಶವಿದೆ. ಆಲ್ಟ್ ಮತ್ತು ಸ್ಪೇಸ್ ಒತ್ತಿದರೆ ಪರದೆಯ ನಡುವೆ ಒಂದು ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ಅದಕ್ಕೆ ಪ್ಲಗಿನ್ ಎಂಬ ಪುಟ್ಟ ಸೇರ್ಪಡೆಯೊಂದನ್ನು ಹಾಕಿದರೆ ಕೈಪಿಡಿಗಳೆಲ್ಲ ಅದರ ಹೊಟ್ಟೆಯೊಳಗೆ. ಮೂರಕ್ಷರ ಒತ್ತುವಷ್ಟರಲ್ಲಿ ಬೇಕಾದ ವಿವರಣೆ ಹಾಜರು. ತಪ್ಪಾಗಿ ಬರೆದರೂ ಹತ್ತಿರದ್ದನ್ನು ಊಹಿಸುತ್ತದೆ. ಎಂಟರ್ ಒತ್ತಿದರೆ ಆ ವಿವರಣೆ ನಾವು ಬರೆಯುತ್ತಿರುವ ಜಾಗಕ್ಕೇ ಬಂದು ಅಂಟಿಕೊಳ್ಳುತ್ತದೆ. ನಾನು ಅವತ್ತೇ ಹಾಕಿಕೊಂಡೆ. ಹಾಕುವಾಗ ಅದು, ಈ ಎರಡು ಗುಂಡಿಗಳನ್ನು ಬೇರೊಂದು ತಂತ್ರಾಂಶ ಬಳಸುತ್ತಿದೆ, ಕಿತ್ತುಕೊಳ್ಳಲೇ ಎಂದು ಕೇಳಿತ್ತಂತೆ. ನಾನು ಓದದೆ ಹೌದು ಎಂದಿದ್ದೆ. (ಓದದೆ ಹೌದು ಎನ್ನುವುದು ಕಸುಬಿನ ಎರಡನೇ ಗುಟ್ಟು.)

ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಎರಡು ಗುಂಡಿ, ಮೂರಕ್ಷರ, ಉತ್ತರ. ಎದುರು ಮನೆಯ ತೃಪ್ತಿಬೆನ್ ಪಾತ್ರೆ ಹಿಂದಿರುಗಿಸಲು ಬಂದಾಗ ಅವರನ್ನೂ ಕೂರಿಸಿ ತೋರಿಸಿದೆ. ಗ್ಯಾಸ್ ಸಿಲಿಂಡರ್ ಯಾವತ್ತು ಬರುತ್ತದೆಂದು ಇದು ಹೇಳುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಪಾತ್ರೆ ಇಟ್ಟು ಹೋದರು. ನನಗೆ ಬೇಸರವಾಗಲಿಲ್ಲ. ಓದುವುದೆಂಬ ಪುರಾತನ ಪದ್ಧತಿಯನ್ನೇ ನಾನು ದಾಟಿಬಿಟ್ಟಿದ್ದೆ. ಸೊಸೈಟಿಯ ನೋಟೀಸಿನಲ್ಲಿ ನಮ್ಮ ಫ್ಲ್ಯಾಟಿನ ಸಂಖ್ಯೆ ಇದೆಯೇ ಎಂದಷ್ಟೇ ಹುಡುಕುತ್ತಿದ್ದೆ. ಪತ್ರಿಕೆಯನ್ನೂ ಹಾಗೆಯೇ ನೋಡುತ್ತಿದ್ದೆ. ಬೇಕಾದದ್ದು ಹುಡುಕಿದರೆ ಸಿಗುವಾಗ ಬೇಡವಾದದ್ದನ್ನು ಏಕೆ ಓದಬೇಕು ಎಂಬುದು ನನ್ನ ಹೊಸ ಸಿದ್ಧಾಂತ.

ಈಗ ತುಂಗಾಳ ವಿಷಯ. ಇಲ್ಲಿಯ ನಮ್ಮ ಕನ್ನಡ ಬಳಗದಲ್ಲಿ ಅವಳು ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಾಳೆ. ದುಡಿಮೆಯೆಂದರೆ ಕೋಸಂಬರಿ ಕಲಸುವುದು, ಅತಿಥಿಗಳಿಗೆ ಹೂಗುಚ್ಛ ಕೊಡುವುದು, ವಂದನಾರ್ಪಣೆಯ ಹೊತ್ತಿಗೆ ಅಡುಗೆಮನೆಯಲ್ಲಿರುವುದು. ಈ ವರ್ಷ ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಅವಳನ್ನು ಸಂಪಾದಕಿ ಮಾಡಿದರು. ಸಂಪಾದಕರಾಗಿದ್ದವರು ಪುಣೆಗೆ ವರ್ಗವಾಗಿ ಹೋಗಿದ್ದೇ ಕಾರಣವಿರಬಹುದು, ಆದರೆ ಸುದ್ದಿ ಬಂದ ದಿನ ಅವಳು ಏನೂ ಕಾರಣವಿಲ್ಲದೆ ಶ್ಯಾವಿಗೆ ಪಾಯಸ ಮಾಡಿದಳು. ಊಟ ಮಾಡುತ್ತ, "ಇದು ಚೆನ್ನಾಗಿ ಆಗ್ಬೇಕು ಕಣ್ರೀ. ಇಲ್ದಿದ್ರೆ ಮುಂದಿನ ವರ್ಷ ಮತ್ತೆ ಕೋಸಂಬರಿ," ಅಂದಳು. ನಗುತ್ತಲೇ ಅಂದಳು. ಆದರೆ ಅವಳಿಗೆ ಅದೆಷ್ಟು ಮುಖ್ಯವೆಂದು ನನಗೆ ಗೊತ್ತಾಯಿತು.

ಲೇಖಕರು ಕೈಬರಹದಲ್ಲಿ ಕಳಿಸಿದ್ದನ್ನೆಲ್ಲ ಅವಳೇ ಟೈಪ್ ಮಾಡಬೇಕು. ಅವಳ ಕ್ರಮವೇ ಬೇರೆ. ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಕೀಬೋರ್ಡಿನ ಮೇಲೆ, ಪರದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟಲು ಏಳು ವರ್ಷದಿಂದ ಅವಳು ಒತ್ತುತ್ತಿದ್ದ ಗುಂಡಿಗಳು ಯಾವುವೆಂದು ಇಷ್ಟು ಹೊತ್ತಿಗೆ ನಿಮಗೆ ಹೊಳೆದಿರಬೇಕು. ನನಗೆ ಹೊಳೆದಿರಲಿಲ್ಲ.

ಸಂಚಿಕೆಯ ಟೈಪಿಂಗಿಗೆ ಕೂತ ಮೊದಲ ಮಧ್ಯಾಹ್ನ ಅವಳು ಕನ್ನಡಕ್ಕೆ ದಾಟಿದೆನೆಂದುಕೊಂಡು ಒಂದು ಕವಿತೆಯ ನಾಲ್ಕು ಸಾಲನ್ನು ನನ್ನ ಪೆಟ್ಟಿಗೆಯೊಳಕ್ಕೆ ಸುರಿದಳು. ತಲೆ ಎತ್ತಿದರೆ ಪರದೆಯ ಮೇಲೆ, ಇದರಲ್ಲಿ ಏನೂ ಸಿಗಲಿಲ್ಲ ಎಂಬ ಬರಹ. ನನ್ನನ್ನು ಕರೆದು, ಕವಿತೆಯ ಬಗ್ಗೆ ಅದರ ಅಭಿಪ್ರಾಯ ಸರಿಯೇ ಇರಬಹುದು, ಆದರೆ ಅದನ್ನು ಕೇಳಿದವರು ಯಾರು ಎಂದು ವಿಚಾರಿಸಿದಳು.

ನಾನು ಲಾಂಚರಿನ ಮಹಿಮೆ ವಿವರಿಸಿ, ನೀನು ಬೇರೆ ಗುಂಡಿ ನೋಡಿಕೋ, ಕೀಬೋರ್ಡಿನಲ್ಲಿ ನೂರಿವೆ ಎಂದೆ.

"ನೂರಿದ್ರೆ ನೀವೇ ನೋಡಿಕೊಳ್ಳಿ. ನನ್ನ ಬೆರಳು ಏಳು ವರ್ಷದಿಂದ ಅಲ್ಲಿಗೇ ಹೋಗುತ್ತೆ."

"ನನ್ನದೂ ಅಭ್ಯಾಸ ಆಗಿಬಿಟ್ಟಿದೆ."

"ಎಷ್ಟು ದಿನದಿಂದ?"

"ಹದಿನೈದು," ಎಂದೆ. ಹೇಳುವಾಗಲೇ ಅದು ದುರ್ಬಲವೆನಿಸಿತು.

ನನ್ನ ಗುಂಡಿಯನ್ನು ಬದಲಾಯಿಸಲು ಅರ್ಧ ನಿಮಿಷ ಸಾಕಿತ್ತು. ಆದರೆ ಪ್ರೋಗ್ರಾಂ ಬರೆಯುವವನು ಅರ್ಧ ನಿಮಿಷದ ಪರಿಹಾರಕ್ಕೆ ಒಪ್ಪಿದ್ದುಂಟೇ? ಎರಡು ದಿನ ಕೂತು ಒಂದು ಮಹಾಸಂಧಾನವನ್ನು ರಚಿಸಿದೆ. ಗಡಿಯಾರ ನೋಡಿಕೊಂಡು ತಾನೇ ಪಕ್ಷ ಬದಲಾಯಿಸುವ ಪ್ರೋಗ್ರಾಂ ಅದು. ಎರಡು ಗಂಟೆಯವರೆಗೆ ಗುಂಡಿಗಳು ಲಾಂಚರಿನ ಸ್ವತ್ತು, ಎರಡರಿಂದ ಐದು ಕನ್ನಡದ ಸ್ವತ್ತು. ತುಂಗಾ ನನ್ನನ್ನು ಒಂದು ಗಳಿಗೆ ನೋಡಿ, ಆಯ್ತು ಎಂದಳು. ಹತ್ತು ದಿನ ಶಾಂತಿ ನೆಲೆಸಿತು.

ಅಷ್ಟರಲ್ಲಿ ದೀಪಾವಳಿ ಹತ್ತಿರ ಬಂತು. ದೀಪಾವಳಿಗೆ ಬಾಗಿಲು ಹಾಕಿದ ಗುಜರಾತಿನ ಅಂಗಡಿ ಐದಾರು ದಿನ ಕಳೆದು ಬರುವ ಲಾಭಪಂಚಮಿಯವರೆಗೆ ತೆರೆಯುವುದಿಲ್ಲ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿನವನು ಫೋನ್ ಮಾಡಿ, ಸಂಚಿಕೆ ಇವತ್ತು ಸಂಜೆಯೊಳಗೆ ಬಂದರೆ ಬಂತು, ಇಲ್ಲವಾದರೆ ಹಬ್ಬ ಮುಗಿದ ಮೇಲೆಯೇ ಎಂದ. ಉಳಿದಿದ್ದದ್ದು ಅಧ್ಯಕ್ಷರ ಸಂದೇಶವೊಂದೇ. ನಾನು ಬಾಲ್ಕನಿಯಲ್ಲಿ ಗಿರಾಕಿಯೊಬ್ಬನ ಜೊತೆ ಫೋನಿನಲ್ಲಿದ್ದೆ. ತುಂಗಾ ಬಂದು, ಇವತ್ತು ಬೆಳಿಗ್ಗೆಯಿಂದಲೇ ಗುಂಡಿ ನನಗೆ ಬಿಟ್ಟುಕೊಡಿ ಎಂದು ಕೈಸನ್ನೆ ಮಾಡಿದಳು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ತೋರಿಸಿ, ಮರೆತೆ.

ಅಧ್ಯಕ್ಷರಾದ ತಿಮ್ಮಪ್ಪನವರು ಕುಂದಾಪುರದ ಕಡೆಯವರು. ನಲವತ್ತು ವರ್ಷದಿಂದ ಇಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದಾರೆ. ಅಚ್ಚಗನ್ನಡದಲ್ಲಿ ಬರೆದು, ಕೊನೆಗೆ ಮಾತ್ರ ಇಂಗ್ಲಿಷಿನಲ್ಲಿ 'ಥ್ಯಾಂಕಿಂಗ್ ಯೂ' ಎಂದು ಮುಗಿಸುವುದು ಅವರ ಪದ್ಧತಿ. ಹಿಂದಿನ ದಿನದಿಂದ ತೆರೆದೇ ಇದ್ದ ಅವಳ ಕಡತದಲ್ಲಿ ಭಾಷೆ ಕನ್ನಡದಲ್ಲೇ ನಿಂತಿತ್ತು. ತುಂಗಾ ಕಾಗದ ನೋಡುತ್ತ ಇಡೀ ಸಂದೇಶ ಟೈಪ್ ಮಾಡಿದಳು. ಕೊನೆಗೆ ಇಂಗ್ಲಿಷಿಗೆ ದಾಟಲು ಆ ಎರಡು ಗುಂಡಿ ಒತ್ತಿ, ಥ್ಯಾಂಕಿಂಗ್ ಯೂ ಎಂದು ಬಡಿದು, ಎಂಟರ್ ಹೊಡೆದು, ಮೂರನೇ ಸೀಟಿ ಕೂಗುತ್ತಿದ್ದ ಕುಕ್ಕರಿನ ಕಡೆಗೆ ಓಡಿದಳು. ಗಂಟೆ ಹನ್ನೊಂದೂವರೆ. ಪೆಟ್ಟಿಗೆ ತೆರೆದಿತ್ತು. ಥ್ಯಾಂಕಿಂಗ್ ಯೂ ಎಂಬ ಆಜ್ಞೆ ಪ್ರಪಂಚದ ಯಾವ ಕೈಪಿಡಿಯಲ್ಲೂ ಇಲ್ಲ, ಆದ್ದರಿಂದ ಅದು ಹತ್ತಿರದ ಆಜ್ಞೆಯೊಂದನ್ನು ಊಹಿಸಿ ಅದರ ವಿವರಣೆಯನ್ನು ಶ್ರದ್ಧೆಯಿಂದ ಅಂಟಿಸಿತು. (ಇದೆಲ್ಲ ನಾನು ಆಮೇಲೆ ತನಿಖೆ ಮಾಡಿ ಕಂಡುಕೊಂಡದ್ದು.)

ಇದು ಅಲ್ಲಿಗೇ ಸಿಕ್ಕಿಬೀಳಬೇಕಿತ್ತು. ಯಾಕೆಂದರೆ ಕಡತ ಕಳಿಸುವ ಮುಂಚೆ ತುಂಗಾ ನನ್ನನ್ನು ಕೂರಿಸಿ, "ಪ್ರೆಸ್ಸಲ್ಲಿ ಯಾರಿಗೂ ಕನ್ನಡ ಬರಲ್ಲ. ನೀವೊಂದ್ಸಲ ಪೂರ್ತಿ ಓದಿ. ನಾನು ನೋಡಿ ನೋಡಿ ನನಗೆ ತಪ್ಪು ಕಾಣ್ತಾ ಇಲ್ಲ," ಎಂದು ಕೇಳಿಕೊಂಡಳು. ನಲವತ್ತೆಂಟು ಪುಟ. ನಾನು ಓದುವುದನ್ನು ದಾಟಿದ ಮನುಷ್ಯ. ಸಾಮಾನ್ಯವಾಗಿ ಆಗುವ ಹದಿನೆಂಟು ತಪ್ಪುಗಳ ಪಟ್ಟಿ ಮಾಡಿ, ಒಂದೊಂದನ್ನೇ ಕಡತದಲ್ಲಿ ಹುಡುಕಿದೆ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಒಂದೂ ಸಿಗಲಿಲ್ಲ. ಅನುಮಾನ ಬರಬಾರದೆಂದು ಇನ್ನೊಂದೂವರೆ ಗಂಟೆ ಪರದೆಯ ಮುಂದೆ ಗಂಭೀರವಾಗಿ ಕೂತಿದ್ದೆ. ಎದ್ದು ಬಂದು ಅಕ್ಷರ ಬಿಡದೆ ಓದಿದೆ, ಚೊಕ್ಕವಾಗಿದೆ ಎಂದೆ. ಅವಳ ಮುಖ ಅರಳಿತು. ಆಮೇಲೆ ಏನೋ ಒಂದು ಸಣ್ಣ ತಿದ್ದುಪಡಿ ಇದೆಯೆಂದು ಹತ್ತು ನಿಮಿಷ ಕೂತು, ಪ್ರೆಸ್ಸಿಗೆ ಕಳಿಸುವ ಮುಂಚೆ ನನ್ನ ಫೋನಿಗೂ ಒಂದು ಪ್ರತಿ ಕಳಿಸಿದಳು. ಅದನ್ನೂ ನೋಡಿದೆ ಎಂದೆ.

ಹಬ್ಬ ಕಳೆದು, ಸಭಾಂಗಣ ಸಿಕ್ಕ ಒಂದು ಭಾನುವಾರ ಬಳಗದ ರಾಜ್ಯೋತ್ಸವ. ತುಂಗಾ ಮೊದಲ ಸಾಲಿನಲ್ಲಿ, ರೇಷ್ಮೆ ಸೀರೆಯಲ್ಲಿ. ನಾನು ಆರನೇ ಸಾಲಿನಲ್ಲಿ. ಎಲ್ಲರ ಕೈಯಲ್ಲೂ ಸಂಚಿಕೆ ಇದ್ದರೂ ಅಧ್ಯಕ್ಷರು ತಮ್ಮ ಸಂದೇಶವನ್ನು ವೇದಿಕೆಯ ಮೇಲೆ ಪೂರ್ತಿ ಓದುವುದು ಬಳಗದ ಸಂಪ್ರದಾಯ. ತಿಮ್ಮಪ್ಪನವರು ಕನ್ನಡಕ ಏರಿಸಿ ಓದಿದರು. ಹನ್ನೊಂದು ವರ್ಷಗಳಿಂದ ತಮ್ಮ ಅಧ್ಯಕ್ಷನಾಗಿ ಯಥಾಶಕ್ತಿ ಸೇವೆ ಸಲ್ಲಿಸುತ್ತಾ ಬಂದಿದ್ದೇನೆ ಎಂಬಲ್ಲಿಗೆ ಬಂದರು. ಹಿಡಿದ ಓದನ್ನು ನಡುವೆ ಬಿಡುವ ಜಾಯಮಾನ ಅವರದಲ್ಲ. ಅದೇ ಗಾಂಭೀರ್ಯದಲ್ಲಿ ಮುಂದುವರಿಸಿದರು:

"ದಿಸ್ ಮೆಥಡ್ ಈಸ್ ಓಲ್ಡ್ ಅಂಡ್ ಅನ್‌ಸೇಫ್. ಇಟ್ ಈಸ್ ಕೆಪ್ಟ್ ಓನ್ಲಿ ಫಾರ್ ಕಂಪ್ಯಾಟಿಬಿಲಿಟಿ. ಇಟ್ ವಿಲ್ ಬಿ ರಿಮೂವ್ಡ್ ಇನ್ ದಿ ನೆಕ್ಸ್ಟ್ ವರ್ಷನ್."

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ಇಲ್ಲವೆಂದು ಗೊತ್ತಾಗಿ ನಿಲ್ಲಿಸಿದರು.

ತಿಮ್ಮಪ್ಪನವರು ಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇದೆಂತ ಮಾರಾಯ್ರೆ? ನಾನು ಥ್ಯಾಂಕಿಂಗ್ ಯೂ ಅಂತ ಬರ್ದದ್ದಲ್ವಾ?"

ತುಂಗಾಳ ತಲೆ ನಿಧಾನವಾಗಿ ಬಾಗಿತು. ಆರನೇ ಸಾಲಿನಿಂದ ನನಗೆ ಕಂಡದ್ದು ಅವಳ ಮುಡಿಯಲ್ಲಿದ್ದ ಮಲ್ಲಿಗೆ ಮಾತ್ರ. ಉಪಾಧ್ಯಕ್ಷೆ ಸುಲೋಚನಾ ಎಲ್ಲವನ್ನೂ ಪುಟ ತಿರುಗಿಸಿ ನೋಡುವ ಸ್ವಭಾವದವರು. ಎರಡನೇ ಪುಟ ತೆರೆದು, ಸಂಪಾದಕಿಯ ಮಾತಿನಲ್ಲಿ ಏನೋ ಇದೆ ಎಂದು ಮೈಕಿನ ಮುಂದೆಯೇ ಓದಿದರು. "ಈ ಸಂಚಿಕೆಯ ಪ್ರತಿಯೊಂದು ಸಾಲನ್ನೂ ಅಕ್ಷರ ಬಿಡದೆ ಓದಿ ತಿದ್ದಿಕೊಟ್ಟವರು ನನ್ನ ಪತಿ ಶ್ರೀ ರಘುರಾಮ. ಅವರ ತಾಳ್ಮೆಗೆ ನಾನು ಋಣಿ."

ಇನ್ನೂರು ತಲೆಗಳು ಆರನೇ ಸಾಲಿನತ್ತ ತಿರುಗಿದವು. ಎದ್ದು ನಿಲ್ಲದೆ ಬೇರೆ ದಾರಿ ಇರಲಿಲ್ಲ.

"ಓದಿದ್ದು ನೀವಾ?" ಎಂದರು ತಿಮ್ಮಪ್ಪನವರು.

ಹೌದು ಎಂದೆ.

"ಹಾಗಾದ್ರೆ ಇದು ನಿಮ್ಮ ಅಭಿಪ್ರಾಯವಾ?"

ಓದಿದ್ದೇನೆಂದರೆ ಅಧ್ಯಕ್ಷರನ್ನು ಅವಮಾನಿಸಿದವನು, ಓದಿಲ್ಲವೆಂದರೆ ಹೆಂಡತಿಗೆ ಸುಳ್ಳು ಹೇಳಿದವನು. ಓದಿಲ್ಲ ಸಾರ್, ಬರೀ ಹುಡುಕಿದೆ ಎಂದು ಒಪ್ಪಿಕೊಂಡೆ. ಏನು ಹುಡುಕಿದ್ದು ಎಂದು ಯಾರೋ ಕೇಳಿದರು. ತಪ್ಪು ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಎಲ್ಲರಿಗಿಂತ ಜೋರಾಗಿ ತಿಮ್ಮಪ್ಪನವರು ನಕ್ಕರು. ತುಂಗಾ ನಗಲಿಲ್ಲ.

ಆಟೋ ಅರ್ಧ ದಾರಿ ಬಂದ ಮೇಲೆ ಅವಳು ಹೊರಗೆ ನೋಡುತ್ತಲೇ ಹೇಳಿದಳು. "ಅವತ್ತು ನೀವು ಓದಿ ಎದ್ದ ಮೇಲೆ ಆ ಸಾಲು ಸೇರಿಸ್ದೆ. ಫೋನಿಗೆ ಬಂದದ್ದನ್ನ ನೋಡಿ ಏನಾದ್ರೂ ಅಂತೀರಾ ಅಂತ ಎರಡು ದಿನ ಕಾದೆ. ನಾಚಿಕೆಗೆ ಸುಮ್ನಿದ್ದೀರಿ ಅಂದ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಷ್ಟು ನಾಚಿಕೆಯಾದದ್ದು ಸಭೆಯಲ್ಲೂ ಅಲ್ಲ. ತಪ್ಪಾಯಿತು ಎಂದೆ. ಹೂಂ ಎಂದಳು.

ಮಾರನೆಯ ದಿನ ತಿಮ್ಮಪ್ಪನವರೇ ಫೋನ್ ಮಾಡಿದರು. ಹೋಟೆಲಿಗೆ ಬಂದವರೆಲ್ಲ ಸಂಚಿಕೆ ಕೇಳುತ್ತಿದ್ದಾರೆ, ಇಷ್ಟು ವರ್ಷದಲ್ಲಿ ನನ್ನ ಸಂದೇಶವನ್ನು ಜನ ಕೊನೆಯವರೆಗೆ ಓದಿದ್ದು ಇದೇ ಮೊದಲು, ಮುಂದಿನ ವರ್ಷವೂ ತುಂಗಾ ಅವರೇ ಸಂಪಾದಕಿ ಎಂದರು. ಉಳಿದ ಪ್ರತಿಗಳಿಗೆ ಒಂದು ತಿದ್ದುಪಡಿ ಚೀಟಿ ಅಂಟಿಸಿದರೆ ಸಾಕಂತೆ. ಅಂಟಿಸುವವರು ಯಾರು ಎಂದು ಅವರೂ ಕೇಳಲಿಲ್ಲ, ತುಂಗಾಳೂ ಹೇಳಲಿಲ್ಲ. ಮುನ್ನೂರು ಪ್ರತಿ ನಮ್ಮ ಮನೆಗೆ ಬಂದವು, ಜೊತೆಗೆ ದೊಡ್ಡ ಡಬ್ಬಿ ಗೋಂದು.

ನಾನು ಕಂಪ್ಯೂಟರಿನ ಮುಂದೆ ಕೂತೆ. ತುಂಗಾ ಪಕ್ಕದಲ್ಲಿ ನಿಂತು ಹೇಳಿದಳು, ನಾನು ಟೈಪ್ ಮಾಡಿದೆ. ಆಲ್ಟ್ ಮತ್ತು ಸ್ಪೇಸ್ ಒತ್ತಿದರೆ ಕನ್ನಡ ಬಂತು, ಇಪ್ಪತ್ತನಾಲ್ಕು ಗಂಟೆಯೂ ಈಗ ಅದೇ ಬರುತ್ತದೆ. ಒಂದು, ಅಧ್ಯಕ್ಷರ ಸಂದೇಶದ ಕೊನೆಯ ಪ್ಯಾರಾವನ್ನು ಬಿಟ್ಟು ಓದಿಕೊಳ್ಳಬೇಕು. ಮುಗಿಯಿತೆಂದು ನಾನು ಕೈ ತೆಗೆದೆ. ಇನ್ನೊಂದಿದೆ ಎಂದಳು. ಎರಡು, ಸಂಪಾದಕಿಯ ಮಾತು, ಕೊನೆಯ ಸಾಲುಗಳಲ್ಲಿ 'ಓದಿ ತಿದ್ದಿಕೊಟ್ಟವರು' ಎಂದಿರುವುದನ್ನು 'ಓದಿದೆನೆಂದು ಹೇಳಿದವರು' ಎಂದು ತಿದ್ದಿಕೊಳ್ಳಬೇಕು.

ಇದು ಬೇಕೇ ಬೇಕಾ ಎಂದು ಕೇಳಿದೆ.

"ನಾನು ಸಂಪಾದಕಿ. ತಪ್ಪು ಅಚ್ಚಾದ್ರೆ ತಿದ್ದದೆ ಬಿಡೋಕಾಗುತ್ತಾ?" ಅಂದಳು. ತುಟಿಯ ಕೊನೆಯಲ್ಲಿ ನಗು ಇತ್ತೆಂದೇ ನನ್ನ ನಂಬಿಕೆ. "ಕಳಿಸೋ ಮುಂಚೆ ಒಂದ್ಸಲ ಓದಿ."

ಮೂರು ಸಲ ಓದಿದೆ. ತಪ್ಪು ಒಂದೂ ಇರಲಿಲ್ಲ.