ಐತನ ತೋಳಿಗೆ ಬಿದ್ದ ನನ್ನ ಇಂಜೆಕ್ಷನ್

"ಈ ಬೇಸಿಗೆ ಮುಗಿಯೋದರೊಳಗೆ ನನ್ನ ಹೆಂಡತಿಗೆ ಗೋಳಗುಮ್ಮಟ ತೋರಿಸದಿದ್ದರೆ ನಾನು ಕಮಾಲುದ್ದೀನನೇ ಅಲ್ಲ!" ಎಂದು ನರಸಿಂಹರಾಜಪುರದ ಪೇಟೆಯಲ್ಲಿ ಕತ್ತರಿ ಮೇಲೆತ್ತಿ ಘೋಷಿಸಿದವನು ನಾನು. ಎಪ್ಪತ್ನಾಲ್ಕನೇ ಇಸವಿಯ ಏಪ್ರಿಲ್ ತಿಂಗಳು. ಕೇಳಿಸಿಕೊಂಡವರು ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ಮತ್ತು ಒಳಬಾಗಿಲ ಪರದೆಯ ಹಿಂದೆ ನಿಂತಿದ್ದ ನನ್ನ ಹೆಂಡತಿ ಖುರ್ಷಿದಾ. ಗಿರಾಕಿಗಳು ಸಂಜೆಯೊಳಗೆ ಮರೆತರು. ಖುರ್ಷಿದಾ ಆ ಸಂಜೆಯೇ ಟ್ರಂಕು ಇಳಿಸಿ ಧೂಳು ಒರೆಸಿದಳು.

ನಾನು ದರ್ಜಿ. ಆದರೆ ಅಂಚೆಯ ಲೋಕದಲ್ಲಿ ದೊಡ್ಡ ಇತಿಹಾಸ ಸಂಶೋಧಕ! ವಾರಪತ್ರಿಕೆಯೊಂದರ ಪತ್ರಮಿತ್ರರ ಅಂಕಣದಲ್ಲಿ 'ಹವ್ಯಾಸ: ಪ್ರಾಚೀನ ಸ್ಮಾರಕಗಳ ವೀಕ್ಷಣೆ, ದೇಶ ಸಂಚಾರ' ಎಂದು ನನ್ನ ಹೆಸರಿನ ಮುಂದೆ ಅಚ್ಚಾಗಿತ್ತು. ದೇಶ ಸಂಚಾರ ಎಂದರೆ ನಾನು ಶಿವಮೊಗ್ಗಕ್ಕೆ ಎರಡು ಸಲ ಹೋಗಿದ್ದೆ, ಎರಡು ಸಲವೂ ದಾರದ ಉಂಡೆ ತರಲು. ಅದನ್ನು ನಂಬಿ ಬಿಜಾಪುರದಿಂದ ಬರೆದವರು ಮಹಮ್ಮದ್ ಮಾಸ್ತರರು. ಪ್ರೈಮರಿ ಶಾಲೆಯ ಮೇಷ್ಟ್ರು, ಮನೆಯ ಬಾಗಿಲು ತೆಗೆದರೆ ಗೋಳಗುಮ್ಮಟ. ನಾಲ್ಕು ವರ್ಷ ಕಾರ್ಡಿಗೆ ಕಾರ್ಡು, ಮಾತಿಗೆ ಮಾತು. ಅವರು ಗುಮ್ಮಟದ ಗೋಡೆ ಎಷ್ಟು ದಪ್ಪ ಎಂದು ಬರೆದರೆ ನಾನು ಶೃಂಗೇರಿಯ ಹನ್ನೆರಡು ರಾಶಿಕಂಬಗಳ ಮೇಲೆ ತಿಂಗಳಿಗೊಂದರಂತೆ ಬಿಸಿಲು ಬೀಳುವ ಸೊಗಸನ್ನು ವರ್ಣಿಸುತ್ತಿದ್ದೆ. ಅಳತೆ ಪಟ್ಟಿ ಹಿಡಿದು ಕಂಬ ಕಂಬವನ್ನೂ ಅಳೆದು ಬಂದವನ ಗತ್ತು! ನಿಜವಾಗಿ ಅದೆಲ್ಲ ಅಡ್ಡಗದ್ದೆಯ ಗಣಪಯ್ಯನವರು ಅಂಗಿ ಹೊಲಿಸಲು ಬಂದಾಗ ಹೇಳಿದ್ದು. ಅವರು ಹೇಳುತ್ತಿದ್ದರು, ನಾನು ಅವರ ಎದೆಯಳತೆ ಬರೆಯುವ ಪುಸ್ತಕದಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ.

ಈ ಕಾರ್ಡುಗಳನ್ನು ನನಗಿಂತ ಮೊದಲು ಓದುತ್ತಿದ್ದವಳು ಖುರ್ಷಿದಾ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಕಂಡ ಪ್ರಪಂಚ ತವರುಮನೆ ಕೊಪ್ಪದಿಂದ ಪುರಕ್ಕೆ, ಪುರದಿಂದ ಕೊಪ್ಪಕ್ಕೆ. ಮಾಸ್ತರರು ಒಮ್ಮೆ ಗುಮ್ಮಟದ ಚಿತ್ರವಿರುವ ಕಾರ್ಡು ಕಳಿಸಿದ್ದರು. ಅವಳು ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ದಿನಾ ತಲೆ ಬಾಚುವಾಗ ನೋಡುತ್ತಿದ್ದಳು. ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದಂತೆ, ಹೌದಾ ಎಂದು ಎಷ್ಟೋ ಸಲ ಕೇಳಿದ್ದಾಳೆ. ನಾನು ಸ್ವತಃ ಕೂಗಿ ಬಂದವನಂತೆ ಹೌದು ಎನ್ನುತ್ತಿದ್ದೆ. ಕೊನೆಗೆ ಮಾಸ್ತರರೇ ಬರೆದರು: ಜೂನ್ ತಿಂಗಳಲ್ಲಿ ನನಗೆ ವರ್ಗ ಆಗೋದೈತಿ, ಈ ಮನಿ ಬಿಡಬೇಕು, ಅದಕ್ಕ ಮೊದಲ ನೀವೂ ತಂಗೀನೂ ಬರ್ರಿ. ಕತ್ತರಿ ಎತ್ತಿದ್ದು ಆಗಲೇ.

ಅದರ ಬೆನ್ನಿಗೇ ಮಾಸ್ತರರ ಇನ್ನೊಂದು ಕಾರ್ಡು ಬಂತು ನೋಡಿ, ನನ್ನ ಗತ್ತೆಲ್ಲ ಇಳಿಯಿತು. ಈ ಕಡೆ ಕಾಲರಾ ಸುದ್ದಿ ಐತಿ, ಬಸ್ ಸ್ಟ್ಯಾಂಡಿನ್ಯಾಗ ಚೀಟಿ ಇಲ್ಲದವರನ್ನ ಹಿಡದು ಅಲ್ಲೇ ಸೂಜಿ ಚುಚ್ಚಾಕತ್ತಾರ, ಊರಾಗ ಹಾಕಿಸ್ಕೊಂಡು ಚೀಟಿ ತರ್ರಿ ಎಂದಿತ್ತು.

ದಿನಕ್ಕೆ ಹತ್ತು ಗಂಟೆ ಸೂಜಿಯ ಜೊತೆ ಸಂಸಾರ ಮಾಡುವವನಿಗೆ ಇಂಜೆಕ್ಷನ್ ಎಂಥ ಲೆಕ್ಕ ಎಂದು ನೀವು ಕೇಳಬಹುದು. ಸ್ವಾಮಿ, ನನ್ನ ಕೈಯಲ್ಲಿ ಸೂಜಿ ಇರುವುದು ಬೇರೆ, ನನ್ನ ಕೈಯೊಳಗೆ ಸೂಜಿ ಇಳಿಯುವುದು ಬೇರೆ! ಸಣ್ಣವನಿದ್ದಾಗ ಸಿಡುಬಿಗೆ ದಾಕು ಹಾಕುವವರು ಬಂದರೆ ನಾನು ಭತ್ತ ತುಂಬಿಡುವ ಮರದ ಪಣತದೊಳಗೆ ಇಳಿದು ಅಡಗಿ ಕೂರುತ್ತಿದ್ದೆ. ಈಗ ಮೂವತ್ತಾರು ವರ್ಷ. ಪಣತವೂ ಇರಲಿಲ್ಲ, ಇದ್ದರೂ ನಾನು ಅದರೊಳಗೆ ಹಿಡಿಸುತ್ತಿರಲಿಲ್ಲ.

ಖುರ್ಷಿದಾ ಮರುದಿನವೇ ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡು ಬಂದಳು. ಎಡತೋಳು ಬಾತಿತು, ರಾತ್ರಿ ಜ್ವರ ಬಂತು. ಬೆಳಿಗ್ಗೆ ಎದ್ದು ಏನೂ ಆಗದವಳಂತೆ ರೊಟ್ಟಿ ತಟ್ಟಿದಳು. ಚೀಟಿಯನ್ನು ಕನ್ನಡಿಯ ಚೌಕಟ್ಟಿಗೆ, ಗುಮ್ಮಟದ ಪಕ್ಕ ಸಿಕ್ಕಿಸಿದಳು. ನಿಮ್ಮದು ಯಾವಾಗ ಎಂದು ಕೇಳಿದಾಗ ನಾನು ಸೋಮವಾರ ಗಿರಾಕಿ ಜಾಸ್ತಿ ಎಂದೆ, ಮಂಗಳವಾರ ಮೈ ಭಾರ ಎಂದೆ, ಬುಧವಾರ ಪಕ್ಕದ ಬೀದಿಯ ಹೊನ್ನಕ್ಕನ ಮಗಳ ಮದುವೆಯ ರವಿಕೆಗಳಿವೆ ಎಂದೆ. ಹೊರಡಲು ಎಂಟು ದಿನ ಉಳಿದಿತ್ತು.

ಸಂತೆಯ ದಿನ, ಬೇರೆ ಊರಿನ ಆರೋಗ್ಯ ಇಲಾಖೆಯವರು ಬಸ್ ಸ್ಟ್ಯಾಂಡಿನ ಬಳಿ ಮೇಜು ಹಾಕಿ ಕೂತಿದ್ದಾರೆಂಬ ಸುದ್ದಿ ಬಂತು. ಅದೇ ಹೊತ್ತಿಗೆ ಅಂಗಡಿಗೆ ಬಂದವನು ಐತ. ಕಡಹಿನಬೈಲಿನ ತೋಟದಲ್ಲಿ ಕೂಲಿ ಮಾಡುವವನು, ಹರಿದ ಅಂಗಿಗೆ ತೇಪೆ ಹಾಕಿಸಲು ಬಂದಿದ್ದ. ಅವನ ತೋಳು ನೋಡಿದೆ. ಗಟ್ಟಿಮುಟ್ಟಾದ, ಸೂಜಿಯೇ ಹೆದರಬೇಕಾದಂಥ ತೋಳು! ನನ್ನೊಳಗಿನ ಸಂಶೋಧಕ ಎದ್ದು ಕೂತ.

"ಐತ, ನಂಗೊಂದು ಉಪಕಾರ ಮಾಡು ಮಾರಾಯ. ಅಲ್ಲಿ ಹೋಗಿ ನನ್ನ ಹೆಸರು ಹೇಳಿ ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಚೀಟಿ ತಂದುಕೊಡು. ನಿಂಗೊಂದು ಹೊಸ ಅಂಗಿ ಹೊಲಿದು ಕೊಡ್ತೀನಿ."

ಐತ ಸ್ವಲ್ಪ ಯೋಚಿಸಿದ. "ತುಂಬು ತೋಳಿಂದಾ ಸಾಬ್ರೇ, ಅರ್ಧ ತೋಳಿಂದಾ?"

"ತುಂಬು ತೋಳಿಂದೇ."

"ಹಂಗಾರೆ ಆಯ್ತು" ಎಂದು ಹೋದ. ಕಾಲು ಗಂಟೆಯಲ್ಲಿ ಚೀಟಿ ತಂದ. ಕಮಾಲುದ್ದೀನ್, ದರ್ಜಿ, ಪೇಟೆ ಬೀದಿ, ನರಸಿಂಹರಾಜಪುರ. ಎಲ್ಲ ಸರಿಯಾಗಿತ್ತು. ನಾನು ಅದನ್ನು ಮಡಚಿ ಜೇಬಿಗಿಟ್ಟು ವಿಜಯನಗರ ಗೆದ್ದು ಬಂದ ಸುಲ್ತಾನನಂತೆ ಮನೆಯೊಳಗೆ ಕಾಲಿಟ್ಟೆ.

ಖುರ್ಷಿದಾ ಐದನೇ ಕ್ಲಾಸಿನವರೆಗೆ ಓದಿದವಳು. ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಕೆಳಗೆ ಬೆರಳಿಟ್ಟು, "ಇಲ್ಲಿ ಹೆಬ್ಬೆಟ್ಟು ಯಾಕಿದೆ?" ಎಂದಳು.

ನೋಡಿದೆ. ಸಹಿ ಮಾಡುವ ಜಾಗದಲ್ಲಿ ಐತನ ದಪ್ಪ ಹೆಬ್ಬೆರಳು ಕರಿ ಮಸಿಯಲ್ಲಿ ಮೆರೆಯುತ್ತಿತ್ತು! ಬಿಜಾಪುರದವರೆಗೆ ಮುತ್ತಿನಂಥ ಅಕ್ಷರದಲ್ಲಿ ಕಾರ್ಡು ಬರೆಯುವ ಗಂಡನದು ಹೆಬ್ಬೆಟ್ಟು! ಕೈ ಎತ್ತಲಾಗದಷ್ಟು ನೋವಾಯಿತು, ಸಹಿ ಹಾಕಲು ಆಗಲಿಲ್ಲ ಎಂದುಬಿಟ್ಟೆ. ಎಡತೋಳಿಗಲ್ಲವೇ ಹಾಕುವುದು ಎಂದಳು. ನನಗೆ ಬಲಕ್ಕೆ ಹಾಕಿದರು ಎಂದೆ. ಒಂದು ಸುಳ್ಳಿಗೆ ತೇಪೆ ಹಾಕಲು ಇನ್ನೊಂದು, ಅದಕ್ಕೆ ಮತ್ತೊಂದು. ಹೊಲಿಗೆಯಲ್ಲಿ ನನ್ನದು ಪಳಗಿದ ಕೈಯಲ್ಲವೇ!

ಬಲಗೈ ನೋಯುವ ದರ್ಜಿ ಕತ್ತರಿ ಹಿಡಿಯುವುದು ಹೇಗೆ? ಹೊನ್ನಕ್ಕನ ಮನೆಯ ಹದಿನಾಲ್ಕು ರವಿಕೆಗಳು ಮೇಜಿನ ಮೇಲೆ ಕೂತಿದ್ದವು. ಖುರ್ಷಿದಾ ನನ್ನನ್ನು ಮಂಚದ ಮೇಲೆ ಮಲಗಿಸಿದಳು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತೋಳಿಗೆ ಶಾಖ ಕೊಟ್ಟಳು, ಆಮೇಲೆ ಪರದೆ ಎಳೆದುಕೊಂಡು ತಾನೇ ಮೆಷಿನ್ನಿಗೆ ಕೂತಳು. ಮೂರು ದಿನ ಅವಳು ಹೊಲಿದಳು, ನಾನು ಮಲಗಿದಲ್ಲಿಂದಲೇ ಕಂಕುಳ ಬಳಿ ಒಂದು ಮಡಿಕೆ ಬಿಡು ಎಂದು ಬುದ್ಧಿ ಹೇಳಿದೆ. ಬಟ್ಟೆ ಎಳೆಯುವಾಗಲೆಲ್ಲ ಅವಳು ಇನ್ನೂ ಬಾವು ಇಳಿಯದ ಎಡತೋಳನ್ನು ಮೆಲ್ಲಗೆ ಒತ್ತಿಕೊಳ್ಳುತ್ತಿದ್ದಳು. ನಾನು ಅದನ್ನು ನೋಡಿದ್ದೇನೆ. ನೋಡಿಯೂ ಗಂಜಿಗೆ ಉಪ್ಪಿನಕಾಯಿ ಕೇಳಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊರಡಲು ಎರಡು ದಿನವಿದೆ ಎನ್ನುವಾಗ ಐತನ ಹೆಂಡತಿ ಕರಿಯಕ್ಕ ಹಿತ್ತಿಲ ಬಾಗಿಲಿಗೆ ಬಂದಳು. ಕಡಹಿನಬೈಲಿಗೂ ಇಂಜೆಕ್ಷನಿನವರು ಬಂದಿದ್ದರಂತೆ. ಚೀಟಿ ಇಲ್ಲದವರು ತೋಟಕ್ಕೆ ಕಾಲಿಡಬಾರದು ಎಂದು ಯಜಮಾನರು ಹೇಳಿದರಂತೆ. ಐತನಿಗೆ ಹಾಕಿ ಆಗಿತ್ತು, ಆದರೆ ಐತನ ಹೆಸರಿನ ಚೀಟಿ ಇರಲಿಲ್ಲ. ಸಾಬರ ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡು ಇನ್ನೊಂದು ತೋಳು ಒಡ್ಡಿದನಂತೆ. ಈಗ ಎರಡು ತೋಳೂ ಬಾತು, ಜ್ವರದಲ್ಲಿ ಮಲಗಿದ್ದಾನೆ.

"ಒಂದು ಅವ್ರದ್ದು, ಒಂದು ನಿಮ್ಮ ಯಜಮಾನ್ರದ್ದು" ಎಂದಳು ಕರಿಯಕ್ಕ. "ಅನ್ನ ಕಲಸೂಕೂ ಕೈ ಏಳ್ತಿಲ್ಲ ಖುರ್ಷಿದಮ್ಮ, ನಾನೇ ತುತ್ತು ಮಾಡಿ ಕೊಡ್ತಿದೀನಿ. ಡಾಕ್ಟ್ರು ಹೆದರಬ್ಯಾಡ ಅಂದ್ರು. ಅಂಗಿ ಎರಡು ಕೊಡ್ತಾರಾ ಅಂತ ಕೇಳ್ಕಂಡು ಬಾ ಅಂದ್ರು ನಮ್ಮವ್ರು."

ನಾನು ಒಳಗೆ ಉಪ್ಪಿನ ಗಂಟು ಕಟ್ಟಿಕೊಂಡು ಮಲಗಿದ್ದೆ. ಖುರ್ಷಿದಾ ಬಂದು ಗಂಟು ಬಿಚ್ಚಿದಳು. ನನ್ನ ತೋಳನ್ನು ಭುಜದಿಂದ ಮೊಣಕೈವರೆಗೆ ಒತ್ತಿ ನೋಡಿದಳು, ಸಂತೆಯಲ್ಲಿ ಸೌತೆಕಾಯಿ ನೋಡುವ ಹಾಗೆ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಚೀಟಿ ಇದೆಯಲ್ಲ, ಬಸ್ಸಲ್ಲಿ ಯಾರಿಗೆ ಗೊತ್ತಾಗುತ್ತೆ" ಎಂದೆ.

"ಬಸ್ಸಿನೋರಿಗೆ ಓದೋಕೆ ಬರುತ್ತೆ. ಕಾಲರಾಕ್ಕೆ ಬರುತ್ತಾ?" ಎಂದಳು. "ಈಗ ಹೋಗಿ ಹಾಕಿಸ್ಕೊಂಡು ಬನ್ನಿ. ಇನ್ನೂ ಎರಡು ದಿನ ಇದೆ. ನಾನು ನಿಮ್ಮನ್ನ ಬಿಟ್ಟು ಹೋಗೋಳಲ್ಲ."

ಹೋದೆ. ಅಲ್ಲಾಹನ ಆಣೆ, ಈ ಸಲ ನಿಜವಾಗಿಯೂ ಹೋದೆ! ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ನರ್ಸಮ್ಮ ಹೆಸರು ಕೇಳಿ ಪಟ್ಟಿ ತಿರುವಿದರು. ಸಂತೆಯಲ್ಲಿ ಹಾಕಿಸಿಕೊಂಡವರ ಪಟ್ಟಿಯೂ ಅಲ್ಲಿಗೇ ಬಂದಿತ್ತು. ಕಮಾಲುದ್ದೀನ್, ದರ್ಜಿ, ಪೇಟೆ ಬೀದಿ. ನಿಮಗೆ ಹಾಕಿ ಆಗಿದೆಯಲ್ಲ, ಇನ್ನೊಂದು ಬೇಕಿದ್ದರೆ ತಿಂಗಳು ಬಿಟ್ಟು ಬನ್ನಿ, ಮುಂದಿನವರು ಬನ್ನಿ ಎಂದರು.

ಒಂದೇ ಒಂದು ಮಾತು ಸಾಕಿತ್ತು. ಅದು ನಾನಲ್ಲ ತಾಯಿ, ಐತ ಎನ್ನಬೇಕಿತ್ತು. ಸಾಲಿನಲ್ಲಿ ನನ್ನ ಹಿಂದೆ ಹೊನ್ನಕ್ಕ ನಿಂತಿದ್ದಳು, ಅವಳ ಹಿಂದೆ ಅರ್ಧ ಪೇಟೆ ನಿಂತಿತ್ತು. ಮಾನದ ಚಿಂತೆ ಅರ್ಧ. ಉಳಿದರ್ಧ ಏನೆಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಸೂಜಿ ತಪ್ಪಿತಲ್ಲ ಎಂಬ ಖುಷಿ! ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆ.

ಮನೆಗೆ ಬಂದು, ಏನು ಮಾಡಲಿ, ಅವರು ಒಪ್ಪಲಿಲ್ಲ ಎಂದು ಮುಖ ಸಪ್ಪೆ ಮಾಡಿದೆ.

"ನಿಜ ಹೇಳಿದ್ರಾ ಅವರ ಹತ್ತಿರ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವಳು ಟ್ರಂಕಿನಿಂದ ನನ್ನ ಎರಡು ಅಂಗಿ, ಒಂದು ಪೈಜಾಮ ತೆಗೆದು ಕಪಾಟಿನಲ್ಲಿಟ್ಟಳು. ಕೊಪ್ಪದಲ್ಲಿ ಬಳೆ ಅಂಗಡಿ ಇಟ್ಟಿರುವ ಅವಳ ತಮ್ಮ ಅತಾವುಲ್ಲಾ, ಮಾಲು ತರಲು ಊರೂರು ತಿರುಗುವವನು, ಚೀಟಿ ಮೊದಲೇ ಇದ್ದವನು, ಅವಳು ಹೇಳಿಕಳಿಸಿದ ಮರುದಿನವೇ ಬಂದ. ಅದರ ಮರುದಿನ ಬೆಳಿಗ್ಗೆ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು. ಕಿಟಕಿಯಿಂದ ಅವಳು ಹಾಲಿನವನು ಬಂದರೆ ಪಾತ್ರೆ ಎಲ್ಲಿದೆ ಎಂದು ಹೇಳಿದಳು. ನಾನು ತಲೆಯಾಡಿಸಿದೆ. ಬಸ್ಸು ಹೊರಟ ಮೇಲೆ ಅಷ್ಟು ದೊಡ್ಡ ಪೇಟೆಯಲ್ಲಿ ನನಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

ಅವಳು ಊರಲ್ಲಿಲ್ಲದ ಎಂಟು ದಿನದಲ್ಲಿ ಐತನಿಗೆ ಎರಡು ಅಂಗಿ ಹೊಲಿದೆ, ಎರಡೂ ತುಂಬು ತೋಳಿನವು. ಬಾವು ಇಳಿಯುವವರೆಗೆ ಕೈ ತೂರಲೆಂದು ತೋಳು ಅಗಲ ಇಟ್ಟೆ. ಕಡಹಿನಬೈಲಿಗೆ ನಾನೇ ಒಯ್ದು ಕೊಟ್ಟೆ. ಐತ ಜಗಲಿಯಲ್ಲಿ ಕೂತು ಎರಡನ್ನೂ ತಿರುಗಿಸಿ ನೋಡಿ, "ಮುಂದಿನ ಸಲ ಎಂತ ಇಂಜೆಕ್ಷನ್ ಇದ್ರೂ ಹೇಳಿ ಸಾಬ್ರೇ, ಪಂಚೆ ಒಂದು ಬೇಕಾಗಿತ್ತು" ಎಂದ. ಕರಿಯಕ್ಕ ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಕೇಳಿ ನಾನು ಎದ್ದು ಬಂದೆ.

ಮಾಸ್ತರರ ಕಾರ್ಡು ಹೆಂಡತಿಗಿಂತ ಒಂದು ದಿನ ಮೊದಲು ಬಂತು. ಅದರಲ್ಲಿ ಬರೆದಿದ್ದು: ತಂಗಿ ಎಲ್ಲಾ ಹೇಳಿದಳು. ಸೂಜಿ ಹಾಕಿಸ್ಕೊಂಡು ನಿಮಗ ಭಾಳ ತ್ರಾಸ ಆತಂತ, ತೋಳು ಬಾತು ಜ್ವರಾ ಬಂತಂತ. ಈಗ ಹ್ಯಾಂಗದೀರಿ? ಕಾರ್ಡನ್ನು ಎರಡು ಸಲ ಓದಿದೆ. ನಾಲ್ಕು ವರ್ಷ ಮಾಸ್ತರರಿಗೆ ಸುಳ್ಳು ಬರೆದವನು ನಾನು. ನನ್ನ ಮಾನ ಉಳಿಸಲು ಅವಳು ಹೇಳಿದ ಆ ಒಂದು ಸುಳ್ಳಿನ ಎದುರು ನನ್ನ ಅಷ್ಟೂ ಕಾರ್ಡುಗಳನ್ನು ಒಲೆಗೆ ಹಾಕಬೇಕೆನಿಸಿತು. ಮಾಸ್ತರರಿಗೆ ಜೂನಿನಲ್ಲಿ ವರ್ಗವಾಯಿತು. ಗೋಳಗುಮ್ಮಟವನ್ನು ನಾನು ಇವತ್ತಿಗೂ ನೋಡಿಲ್ಲ.

ಖುರ್ಷಿದಾ ಬಿಸಿಲಿಗೆ ಕಪ್ಪಾಗಿ, ಕಣ್ಣು ಹೊಳೆಯುತ್ತಾ ಬಂದಳು. ಗುಮ್ಮಟದ ಮೆಟ್ಟಿಲು, ಮಾಸ್ತರರ ಹೆಂಡತಿ ಬಡಿಸಿದ ಜೋಳದ ರೊಟ್ಟಿ, ಎಲ್ಲ ಹೇಳಿದಳು. ಕೂಗಿದ್ದನ್ನು ಮಾತ್ರ ಹೇಳಲಿಲ್ಲ. ಸಂಜೆ ಅವಳು ಬಟ್ಟೆ ಮಡಚುವಾಗ ನಾನೇ ಕೇಳಿದೆ.

"ಅಲ್ಲಿ ಎಂತ ಕೂಗಿದೆ?"

"ನಿಮ್ಮ ಹೆಸರು."

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗ ಕೂಡ ಇವಳು ಅಂಗಡಿಯ ಬೋರ್ಡಿನ ಕಡೆ ಕೈ ತೋರಿಸಿದವಳು. ಹನ್ನೊಂದು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನಾನು ಖುಷಿಯಿಂದ ಅವಳ ಹತ್ತಿರ ಸರಿದು ಕೂತೆ.

"ಏಳು ಸಲ ಕೇಳಿಸ್ತಾ?"

"ಕೇಳಿಸ್ತು" ಎಂದಳು. ಸೀರೆಯ ಅಂಚಿಗೆ ಅಂಚು ಸೇರಿಸುತ್ತಾ, ತಲೆಯೆತ್ತದೆ, "ಏಳನೇದು ಮುಗಿದ ಮೇಲೆ ಪಕ್ಕಕ್ಕೆ ತಿರುಗಿ ನೋಡಿದೆ. ಅತಾವುಲ್ಲಾ ಕಡ್ಲೆಕಾಯಿ ತಿಂತಾ ನಿಂತಿದ್ದ" ಎಂದಳು.