ನಾಲ್ಕು ಗೀಸರು, ಒಂದು ಫ್ಯೂಸು

ಇಡೀ ಊರಿನ ಕರೆಂಟ್ ಲೆಕ್ಕ ನನ್ನ ಬೆರಳ ತುದಿಯಲ್ಲಿತ್ತು. ವಿದ್ಯುತ್ ಕಚೇರಿಯಲ್ಲಿ ಅದನ್ನು ಟೈಪ್ ಮಾಡುತ್ತಿದ್ದವನೇ ನಾನು! ಹಾಗಾಗಿ ಹಂದಿಜ್ವರದ ವರ್ಷ ತಿಲಕ್ ನಗರದ ನಮ್ಮ ವಠಾರದಲ್ಲಿ ಫ್ಯೂಸ್ ಹಾರತೊಡಗಿದಾಗ, ದೇಶಸೇವೆಗೆ ಕರೆ ಬಂತೆಂದೇ ತಿಳಿದೆ.

ನಾಲ್ಕು ಮನೆಗೆ ಒಂದೇ ಮೈನ್ ಫ್ಯೂಸು. ಮಾಮೂಲಿ ದಿನಗಳಲ್ಲಿ ಒಬ್ಬರು ಆರಕ್ಕೆ ಸ್ನಾನ ಮಾಡಿ ಬಸ್ಸು ಹಿಡಿದರೆ, ಇನ್ನೊಂದು ಮನೆಯ ಮಕ್ಕಳು ಏಳೂವರೆಗೆ. ಜ್ವರದ ಭಯಕ್ಕೆ ಸ್ಕೂಲು ಮುಚ್ಚಿದ್ದೇ ತಡ, ಎಲ್ಲರೂ ಒಂಬತ್ತಕ್ಕೆ ಎದ್ದು ಒಟ್ಟಿಗೇ ಗೀಸರ್ ಹಾಕಿದರು. ಸಾಲದ್ದಕ್ಕೆ ಅಂಗಡಿಗೆ ಹೋಗಿಬಂದವರಿಗೆಲ್ಲ ಇನ್ನೊಂದು ಬಿಸಿನೀರ ಸ್ನಾನ! ಫ್ಯೂಸ್ ಪಾಪ, ಎಷ್ಟು ತಡೆದೀತು?

ಓನರ್ ಬಂದು ಗುಡುಗಿದರು. "ಗೌರಿ ಹಬ್ಬ ಮುಗಿಯೋದ್ರೊಳಗೆ ಇನ್ನೊಂದ್ಸಲ ಫ್ಯೂಸ್ ಹೋದ್ರೆ ನಾಲ್ಕೂ ಗೀಸರ್ ಕಿತ್ತುಹಾಕಿಸ್ತೀನಿ!"

"ನನಗೆ ಬಿಡಿ ಸಾರ್" ಎಂದೆ. ನನ್ನ ಹೆಂಡತಿ ವಿಮಲಾ ಹಣೆ ಚಚ್ಚಿಕೊಂಡಳು.

ಅಂದೇ ಮೆಟ್ಟಿಲ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಗೀಸರ್, ಗ್ರೈಂಡರ್, ಇಸ್ತ್ರಿಪೆಟ್ಟಿಗೆ ಯಾವುದೇ ಇರಲಿ, ಸರದಿಯಲ್ಲೇ ಹಾಕತಕ್ಕದ್ದು. ಉಲ್ಲಂಘನೆ ಸಲ್ಲದು!

ಮಹಡಿ ಮನೆಯ ಹುಬ್ಬಳ್ಳಿಯ ಶಾಂತಕ್ಕ ಇಳಿದು ಬಂದರು. "ನಮ್ಮವರು ನೈಟ್ ಡ್ಯೂಟಿ ಮುಗಿಸಿ ಬರೋದ ಹತ್ತಕ್ಕರೀ. ಆರಕ್ಕ ಕರೆಂಟ್ ಕೊಟ್ರ ಏನ್ ಮಾಡೂಣ್ರಿ?"

"ನಿಯಮ ಅಂದ್ರೆ ನಿಯಮ" ಎಂದೆ.

ವಿಮಲಾ ನನ್ನನ್ನು ಪಕ್ಕಕ್ಕೆ ಸರಿಸಿದಳು. "ನಮ್ಮ ಹತ್ತು ಗಂಟೆ ನೀವು ತಗೊಳ್ಳಿ ಶಾಂತಕ್ಕ. ನಿಮ್ಮ ಆರು ಗಂಟೆ ನಮಗಿರಲಿ."

ಅಷ್ಟೇ! ಸಂಜೆಯೊಳಗೆ ಮೆಟ್ಟಿಲ ಮೇಲೆ ಸಂತೆ ನೆರೆಯಿತು. ಒಬ್ಬರ ಇಸ್ತ್ರಿ ಇನ್ನೊಬ್ಬರ ಗೀಸರಿಗೆ ವಿನಿಮಯವಾಯಿತು. ಗೀಚಿ ಗೀಚಿ ನನ್ನ ಪಟ್ಟಿಯ ಗುರುತೇ ಸಿಗದಂತಾಯಿತು. ಆದರೆ ಫ್ಯೂಸ್ ಹೋಗಲಿಲ್ಲ! ಒಂದು ದಿನವೂ ಹೋಗಲಿಲ್ಲ! ನನ್ನ ಪಟ್ಟಿಯ ಮಹಿಮೆಗೆ ನಾನೇ ತಲೆದೂಗಿದೆ.

ಹಬ್ಬದ ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೆ.

"ಬಿಸಿನೀರಿಲ್ಲ" ಎಂದಳು ವಿಮಲಾ. "ನಿಮ್ಮ ಟೈಮ್ ಕೊಟ್ಟು ಗ್ರೈಂಡರ್ ಟೈಮ್ ತಗೊಂಡೆ. ಒಬ್ಬಟ್ಟಿಗೆ ಹೂರಣ ರುಬ್ಬಬೇಡ್ವಾ?"

ಗ್ರಿಡ್ ಉಳಿಯಬೇಕಾದರೆ ತ್ಯಾಗ ಅನಿವಾರ್ಯ. ತಣ್ಣೀರನ್ನೇ ಸುರಿದುಕೊಂಡೆ, ಹಲ್ಲು ಕಟಕಟ ಎನ್ನುವವರೆಗೂ!

ಓನರ್ ಬಂದರು. ಅಡುಗೆಮನೆಯಲ್ಲಿ ಎರಡನೇ ಸುತ್ತಿನ ಹೂರಣಕ್ಕೆ ಗ್ರೈಂಡರ್ ಗಿರ್ರೆನ್ನುತ್ತಿತ್ತು, ಫ್ಯೂಸ್ ಬಂಡೆಯಂತೆ ನಿಂತಿತ್ತು. "ಭೇಷ್! ಗೀಸರ್ ಎಲ್ಲಾ ಇರ್ಲಿ ಬಿಡಿ. ಹೆಂಗ್ರೀ ಮಾಡಿದ್ರಿ?" ಎಂದರು. ನಾಲ್ಕೂ ಮನೆಯವರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಜೀವನದಲ್ಲಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಎದೆಯುಬ್ಬಿಸಿ ಭಾಷಣಕ್ಕೆ ಬಾಯಿ ತೆರೆದೆ.

"ಆಕ್ಷೀ!"

ನಾಲ್ಕು ಬಾಗಿಲೂ ಒಟ್ಟಿಗೇ ಮುಚ್ಚಿದವು. ಓನರ್ ಆಗಲೇ ಗೇಟು ದಾಟಿದ್ದರು. ಒಂದು ಬಾಗಿಲು ತುಸು ತೆರೆದು, ಒಬ್ಬಟ್ಟಿನ ತಟ್ಟೆಯೊಂದು ಪೊರಕೆಯ ಹಿಡಿಯ ನೂಕಿಗೆ ನನ್ನತ್ತ ಸರಿದು ಬಂತು.

"ಡಾಕ್ಟ್ರು ನೋಡಿ ಹ್ಞೂಂ ಅನ್ನೋವರೆಗೂ ಟೆರೇಸ್ ರೂಮಲ್ಲಿರಿ" ಎಂದಳು ವಿಮಲಾ. ಆಮೇಲೆ ಕಿಟಕಿಯಿಂದ ಅವಳ ದನಿ ಕೇಳಿಸಿತು. "ಶಾಂತಕ್ಕಾ, ನಮ್ಮನೆಯವರು ಒಂದು ವಾರ ಮೇಲೇ ಇರ್ತಾರೆ. ಅವರ ಕರೆಂಟ್ ಟೈಮ್ ಯಾರಿಗಾದ್ರೂ ಬೇಕಾ?"

ನಾನು ಮೊದಲನೇ ಒಬ್ಬಟ್ಟು ನುಂಗುವಷ್ಟರಲ್ಲಿ ಏಳು ದಿನದ್ದೂ ಬಿಕರಿಯಾಗಿತ್ತು!