ತೊಟ್ಟಿಯ ಹಿರಿಯ ಮೀನಿಗೆ ಸ್ಟೂಲಿನ ಮೇಲೆ ಕೂತವನ ಅಹವಾಲು

ಮಾನ್ಯರೇ,

ನಮ್ಮ ಊಟದ ಕೋಣೆಯ ಗಾಜಿನ ತೊಟ್ಟಿಯಲ್ಲಿ ಆರು ವರ್ಷಗಳಿಂದ ಏಕಾಧಿಪತ್ಯ ನಡೆಸುತ್ತಿರುವ, ಅಂಗೈಯಗಲದ, ಕಿತ್ತಳೆ ಬಣ್ಣದ ತಮ್ಮ ಸನ್ನಿಧಾನಕ್ಕೆ, ಇದೇ ಮನೆಗೆ ಮೂರು ತಿಂಗಳ ಹಿಂದೆ ಮದುವೆಯಾಗಿ ಬಂದ ಕನ್ನಡಕದ ಅಂಗಡಿಯವನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಈ ಮನೆಯಲ್ಲಿ ದಿನಕ್ಕೆರಡು ಸಲ ವಿಚಾರಿಸುವ ಕ್ಷೇಮ ತಮ್ಮದೊಂದೇ.

ತಮ್ಮನ್ನು ಇಲ್ಲಿಗೆ ತಂದವರು ನನ್ನ ಹೆಂಡತಿಯ ಮೊದಲ ಗಂಡ. ಅವರು ತೀರಿಕೊಂಡ ಮೇಲೆ ತಮ್ಮನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ಅವರ ಹದಿಮೂರು ವರ್ಷದ ಮಗಳು. ಈ ಹುಡುಗಿ ನನ್ನೊಡನೆ ನೇರವಾಗಿ ಮಾತನಾಡುವುದಿಲ್ಲ. ನಾನು ಎದುರಿಗೇ ಕುಳಿತಿದ್ದರೂ "ಅಮ್ಮಾ, ಟವೆಲ್ ಅಲ್ಲಿ ಹಾಕ್ಬಾರ್ದು ಅಂತ ಅವರಿಗೆ ಹೇಳು" ಎಂದು ಅಪ್ಪಣೆ ಹೊರಡಿಸುತ್ತಾಳೆ. ಊಟದ ಮೇಜಿನಲ್ಲಿ ಅವಳ ತಂದೆಯ ಕುರ್ಚಿ ಖಾಲಿಯಿದೆ; ಅದರಲ್ಲಿ ಕೂರಬೇಡಿ ಎಂದು ಯಾರೂ ಹೇಳಿಲ್ಲ, ಕೂರಿ ಎಂದೂ ಹೇಳಿಲ್ಲ, ಆದ್ದರಿಂದ ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಉಣ್ಣುತ್ತೇನೆ.

ಅವಳ ಮನಸ್ಸು ಗೆಲ್ಲೋಣವೆಂದು ನಾಲ್ಕು ಪುಟ್ಟ ಮೀನುಗಳನ್ನು ತಂದು, ಅಂಗಡಿಯ ಚೀಲದ ನೀರಿನ ಸಮೇತ ತಮ್ಮ ತೊಟ್ಟಿಗೆ ಸುರಿದದ್ದು ನನ್ನ ಘನಕಾರ್ಯ. ನೀರು ಒಗ್ಗದೆ ಎರಡು ಮೀನುಗಳು ಸಂಜೆಯೊಳಗೆ ತೇಲಿದವು. ಉಳಿದೆರಡನ್ನು ತಾವು ತುಂಬು ಹೃದಯದಿಂದಲೂ ತೆರೆದ ಬಾಯಿಂದಲೂ ಬರಮಾಡಿಕೊಂಡಿರಿ. "ಅಮ್ಮಾ, ತರೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು ಅಂತ ಹೇಳು ಅವರಿಗೆ" ಎಂದು ಹುಡುಗಿ ಅತ್ತಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆಮೇಲೆ ಅವಳೇ ಉಸ್ತುವಾರಿ ವಹಿಸಿಕೊಂಡಳು. ತಮ್ಮ ಬಾಯಲ್ಲಿ ಹಿಡಿಯದ ಗಾತ್ರದ ಮೂರು ಮೀನುಗಳು ಬಂದು, ರೋಗರುಜಿನವಿದ್ದರೆ ತಿಳಿಯಲೆಂದು ಬೇರೊಂದು ತೊಟ್ಟಿಯಲ್ಲಿ ಮೂರು ವಾರ ಅತಿಥಿಗಳಾಗಿದ್ದವು. ಅವು ತಮ್ಮ ತೊಟ್ಟಿಗೆ ಬರುವ ದಿನ ತಮಗೆ ಹೊಟ್ಟೆ ತುಂಬ ಉಣಬಡಿಸಿ, ದೀಪ ಆರಿಸಿ, ತೊಟ್ಟಿಯ ಕಲ್ಲು, ಗಿಡ, ತಮ್ಮ ಪ್ರೀತಿಯ ಒಡಕು ಮಡಕೆ ಎಲ್ಲದರ ಜಾಗವನ್ನೂ ಬದಲಾಯಿಸಲಾಯಿತು. ಹಾಗೆ ಮಾಡಿದರೆ ಹಳಬರಿಗೆ ತಮ್ಮ ಗಡಿ ಯಾವುದೆಂದು ತಿಳಿಯದೆ ಎಲ್ಲರೂ ಹೊಸಬರೇ ಆಗಿಬಿಡುತ್ತಾರಂತೆ. ಆ ಮೀನುಗಳನ್ನು ನೀರಿನ ಚೀಲಕ್ಕೆ ತುಂಬಿ, ಚೀಲವನ್ನು ತಮ್ಮ ನೀರಿನ ಮೇಲೆ ತೇಲಿಬಿಟ್ಟು, ಬಿಸಿ-ತಂಪು ಸಮನಾದ ಬಳಿಕ ಐದೈದು ನಿಮಿಷಕ್ಕೊಮ್ಮೆ ತಮ್ಮ ನೀರನ್ನು ಒಂದೊಂದು ಲೋಟ ಅದಕ್ಕೆ ಬೆರೆಸಿ (ಆ ಲೋಟ ಹಿಡಿಯುವ ಭಾಗ್ಯ ಅಮ್ಮನ ಮೂಲಕ ನನಗೆ ಒದಗಿತು), ಕೊನೆಗೆ ಚೀಲದ ನೀರು ಹನಿಯೂ ಬೀಳದಂತೆ ಮೀನುಗಳನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಲಾಯಿತು.

ಮಾನ್ಯರೇ, ನನ್ನ ದೂರು ಇಷ್ಟೇ. ನನ್ನನ್ನು ಯಾರೂ ತೇಲಿಬಿಡಲಿಲ್ಲ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ ದಿನವೇ ಎರಡು ಸೂಟ್‌ಕೇಸಿನ ಸಮೇತ ಈ ಮನೆಗೆ ಸುರಿಯಲಾಯಿತು. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಹುಡುಗಿಗೆ ಶಿಫಾರಸು ಮಾಡಬೇಕು: ನನ್ನನ್ನೂ ಮೂರು ವಾರ ಸಾಮಾನಿನ ಕೋಣೆಯಲ್ಲಿ ಬೇರೆ ಇರಿಸಿ, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಐದೈದು ನಿಮಿಷಕ್ಕೊಮ್ಮೆ ಒಂದೊಂದು ಲೋಟ ಮಾತು ಬೆರೆಸಬೇಕು.

ಪತ್ರ ಮೊನ್ನೆ ಇಲ್ಲಿಗೆ ನಿಂತಿತ್ತು. ನಿನ್ನೆ ಸಂಜೆ ಅಂಗಡಿ ಮುಚ್ಚಿ ಬಂದು ನೋಡಿದರೆ ಊಟದ ಮೇಜು ಕಿಟಕಿಯ ಬಳಿಗೆ ಹೋಗಿತ್ತು. ಒಂದೇ ತರಹದ ಮೂರು ಕುರ್ಚಿಗಳೂ ಅದಲುಬದಲಾಗಿದ್ದವು. ನನ್ನ ಸ್ಟೂಲು ಬಾಲ್ಕನಿಯಲ್ಲಿ ಹೂಕುಂಡವೊಂದನ್ನು ಹೊತ್ತುಕೊಂಡಿತ್ತು. ಎಲ್ಲಿ ಕೂರುವುದೆಂದು ತೋಚದೆ ನಿಂತಿದ್ದೆ.

"ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ" ಎಂದಳು ಹುಡುಗಿ, ತಟ್ಟೆಯಿಂದ ತಲೆಯೆತ್ತದೆ. "ಯಾವುದು ಯಾರ ಕುರ್ಚಿ ಅಂತ ಈಗ ನಂಗೂ ಗೊತ್ತಿಲ್ಲ."

ಅವಳಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ.

ಮೇಲ್ಕಂಡ ದೂರನ್ನು ಹಿಂತೆಗೆದುಕೊಂಡಿದ್ದೇನೆ.

ಕುರ್ಚಿಯ ಮೇಲಿಂದ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾಜಾಕಲಂ: ತಮ್ಮ ಆಹಾರದ ಡಬ್ಬಿಯನ್ನು ಇಂದು ಬೆಳಿಗ್ಗೆ ಹುಡುಗಿ ನನ್ನ ಕೈಗೆ ಒಪ್ಪಿಸಿದ್ದಾಳೆ. ಹೊಸಬರಲ್ಲೊಬ್ಬರ ಬಾಲದ ತುದಿ ಕಾಣೆಯಾಗಿರುವ ಬಗ್ಗೆ ತಮ್ಮ ಸಮಜಾಯಿಷಿಯನ್ನು ಊಟದ ಹೊತ್ತಿಗೆ ಮುಂಚೆಯೇ ಸಲ್ಲಿಸುವುದು ತಮಗೆ ಕ್ಷೇಮ.